ಆಕ್ಸಿಡೆಂಟ್ ಕೇಸಿಗೂ ಪಾಪರ್ ಕೇಸಿಗೂ ಏನಮ್ಮಾ ಸಂಬಂಧ?

ಮೊದಲು ಪ್ರಶ್ನೆ. "ಮೇಡಂ, ನೀವು ಆಕ್ಸಿಡೆಂಟ್ ಕೇಸೂ ಮಾಡ್ತೀರಿ, ಪಾಪರ್ ಕೇಸೂ ಮಾಡ್ತೀರಿ. ಎರಡಕ್ಕೂ ಏನು ಸಂಬಂಧ?"

ಕೋರ್ಟ್ ಕ್ಯಾಂಟೀನಲ್ಲಿ ಕೇಳುತ್ತಾರೆ. ಬಸ್ಸಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಹೊಸದಾಗಿ ಕೋಟು ಹಾಕಿದ ಹುಡುಗರು ಕೇಳುತ್ತಾರೆ. ಹದಿನಾರು ವರ್ಷದಿಂದ ನಗುತ್ತಾ ಏನೋ ಒಂದು ಹೇಳಿ ಜಾರಿಕೊಂಡಿದ್ದೇನೆ. ಸಾಕಾಯಿತು. ಒಂದೇ ಸಲ ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಲಿಂಕ್ ಕಳಿಸಿ ನಾನು ನನ್ನ ಕಾಫಿ ಕುಡಿಯುತ್ತೇನೆ.

ನಮ್ಮದು ತಿಪಟೂರಿನಲ್ಲಿ ಒಂದು ಸಣ್ಣ ಆಫೀಸು. ನಾನು, ಒಬ್ಬಳು ಜೂನಿಯರ್, ನಮ್ಮ ಸೀನಿಯರ್ ಕಾಲದಿಂದ ಇರುವ ಗುಮಾಸ್ತರು, ಎರಡು ಕಬ್ಬಿಣದ ಬೀರು. ಒಂದು ಬೀರು ತುಂಬಾ ಎಂವಿಸಿ ಫೈಲುಗಳು, ಅಂದರೆ ರಸ್ತೆ ಅಪಘಾತದ ಪರಿಹಾರದ ಕೇಸು. ಇನ್ನೊಂದು ಬೀರುವಿನ ಕೆಳಗಿನ ಅರೆಯಲ್ಲಿ ಇನ್ಸಾಲ್ವೆನ್ಸಿ, ಅಂದರೆ ಸಾಲ ತೀರಿಸಲಾಗದವರು ಕೋರ್ಟಿಗೆ ಹಾಕುವ ದಿವಾಳಿ ಅರ್ಜಿ. ಮೊದಲನೆಯದು ನೂರಿದ್ದರೆ ಎರಡನೆಯದು ಐದಾರು. ಜನ ಕೇಳುವುದು ಮಾತ್ರ ಆ ಐದಾರರ ಬಗ್ಗೆಯೇ.

"ಹಾಗಿದ್ರೆ ಬೋರ್ಡಲ್ಲಿ ಬರೆಸಬಾರದಾ?" ಅಂತ ಉಪಪ್ರಶ್ನೆ. ಬರೆಸುವ ಹಾಗಿಲ್ಲ. ಇಂಥ ಕೇಸಲ್ಲಿ ನಾವು ಎತ್ತಿದ ಕೈ ಅಂತ ವಕೀಲರು ಬೋರ್ಡಲ್ಲಿ ಹಾಕಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಬೋರ್ಡಿನ ಅಳತೆಯೂ ಹಿತಮಿತ ಇರಬೇಕು. ಅಮೆರಿಕದಲ್ಲಿರುವ ನಮ್ಮಣ್ಣನ ಮಗ ಒಂದು ಸಲ ಅಲ್ಲಿನ ಹೈವೇ ಬದಿಯ ಲಾಯರ್ ಬೋರ್ಡಿನ ಫೋಟೊ ಕಳಿಸಿದ್ದ. ನಮ್ಮ ಕೊಬ್ಬರಿ ಗೋಡೌನಿನ ಗೋಡೆಯಷ್ಟು ದೊಡ್ಡದು. ಮೇಲೆ ಹಲ್ಲು ಕಿರಿಯುವ ವಕೀಲ, ಕೆಳಗೆ "ದುಡ್ಡು ಬರದಿದ್ದರೆ ಫೀಸಿಲ್ಲ". ಅಲ್ಲಿ ಪರಿಹಾರದಲ್ಲಿ ಪಾಲು ತಗೋಬಹುದು. ಇಲ್ಲಿ ಬಂದ ದುಡ್ಡಲ್ಲಿ ಇಷ್ಟು ಪರ್ಸೆಂಟ್ ಅಂತ ಒಪ್ಪಂದ ಮಾಡಿಕೊಳ್ಳುವುದೇ ತಪ್ಪು. ಯಾರೂ ಮಾಡಿಕೊಳ್ಳುವುದಿಲ್ಲ ಅಂತ ನಾನೇನೂ ಹೇಳುತ್ತಿಲ್ಲ.

ಈಗ ಈ ಬರಹಕ್ಕೆ ಕಾರಣರಾದ ದೊಡ್ಡಪ್ಪನ ಕಥೆಗೆ ಬರುತ್ತೇನೆ.

ಅರಸೀಕೆರೆಯಲ್ಲಿ ಒಂದು ಗೃಹಪ್ರವೇಶ. ಎರಡನೇ ಪಂಕ್ತಿ. ಎಲೆಗೆ ಹೋಳಿಗೆ ಬಿದ್ದು ಅದರ ಮೇಲೆ ತುಪ್ಪ ಬೀಳುತ್ತಿತ್ತು. ಎದುರು ಸಾಲಿನಿಂದ ದೊಡ್ಡಪ್ಪ ಜೋರಾಗಿ, "ಏನಮ್ಮಾ ಲಾಯರಮ್ಮ! ನಿಮ್ಮಾಫೀಸಿಗೆ ಬಂದ್ರೆ ಒಂದು ಬೆಂಚಲ್ಲಿ ಕಾಲು ಮುರಿದವರು, ಇನ್ನೊಂದು ಬೆಂಚಲ್ಲಿ ಪಾಪರ್ ಎದ್ದವರು. ಯಾರ ಗ್ರಹಚಾರ ಕೆಟ್ರೂ ನಿಂಗೆ ಹೋಳಿಗೆ ಊಟ ಅಲ್ವಾ?" ಅಂದರು. ಇಡೀ ಪಂಕ್ತಿ ನಕ್ಕಿತು. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ನಾನೂ ನಕ್ಕೆ. ಬೇರೇನು ಮಾಡಲಿಕ್ಕಾಗುತ್ತದೆ?

ಕೈ ತೊಳೆಯುವ ಜಾಗಕ್ಕೆ ಅದೇ ದೊಡ್ಡಪ್ಪ ಹಿಂದೆಯೇ ಬಂದರು. ಈಗ ದನಿ ಇಳಿದಿತ್ತು. "ಅಲ್ಲಮ್ಮಾ, ಹೋದ ವರ್ಷ ಸ್ಕೂಟರಿಂದ ಬಿದ್ದಿದ್ನಲ್ಲ, ಭುಜ ಮೇಲೆತ್ತಕ್ಕೇ ಆಗ್ತಿಲ್ಲ. ಎಷ್ಟು ಬರಬೋದು?"

"ಯಾರು ಗುದ್ದಿದ್ದು ದೊಡ್ಡಪ್ಪ?"

"ಯಾರೂ ಇಲ್ಲ. ಹಂಪ್ ಕಾಣಲಿಲ್ಲ."

"ಹಾಗಿದ್ರೆ ನಿಮ್ಮ ಮೇಲೆ ನೀವೇ ಕೇಸು ಹಾಕಬೇಕಾಗತ್ತೆ."

ಅವರು ಬಿಡಲಿಲ್ಲ. "ಪಕ್ಕದ ಮನೆಯವರ ಕಾರಿಗೆ ಇನ್ಶೂರೆನ್ಸ್ ಇದೆಯಂತೆ. ಅದರ ನಂಬರ್ ಕೊಟ್ಟುಬಿಟ್ರೆ?"

"ಆಗ ನಾನು ಮೂರನೇ ಬೀರು ತರಿಸಬೇಕು, ನಿಮ್ಮ ಕ್ರಿಮಿನಲ್ ಕೇಸಿಗೆ."

ಅಂದಿನಿಂದ ಅವರು ನನ್ನ ಹತ್ತಿರ ಅಷ್ಟಾಗಿ ಮಾತಾಡುವುದಿಲ್ಲ. ಆದರೆ ಆ "ಎಷ್ಟು ಬರತ್ತೆ" ಇದೆಯಲ್ಲ, ಅದು ದಿನಾ ಕಿವಿಗೆ ಬೀಳುತ್ತದೆ. ತರಕಾರಿ ರೇಟು ಕೇಳಿದ ಹಾಗೆ. ಕೈಗೆ ಎಷ್ಟು, ಕಾಲಿಗೆ ಎಷ್ಟು, ಪ್ಲೇಟ್ ಹಾಕಿಸಿದರೆ ಎಷ್ಟು. ರೇಟ್ ಕಾರ್ಡ್ ಇಲ್ಲ ಅಂದರೆ ನಂಬುವುದಿಲ್ಲ, ಫೀಸು ಜಾಸ್ತಿ ಕೇಳಲಿಕ್ಕೆ ನಾಟಕ ಅಂದುಕೊಳ್ಳುತ್ತಾರೆ.

ಲೆಕ್ಕ ಇದೆ. ಒಬ್ಬನ ಲೆಕ್ಕವನ್ನೇ ತೋರಿಸುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ.

2019ರಲ್ಲಿ ಬಂದವನು. ವಯಸ್ಸು 38. ಸ್ವಂತ ಗೂಡ್ಸ್ ಗಾಡಿ, ಕೊಬ್ಬರಿ ಮೂಟೆ ಸಾಗಿಸುವ ಕೆಲಸ. ಹೈವೇಯಲ್ಲಿ ಲಾರಿ ಗುದ್ದಿ ಎಡಗೈ ಮೊಣಕೈ ಹತ್ತಿರ ಪುಡಿಯಾಗಿತ್ತು. ತಿಂಗಳಿಗೆ ಇಪ್ಪತ್ತೈದು ಸಾವಿರ ದುಡಿಯುತ್ತಿದ್ದೆ ಅಂದ. ಕಾಗದ? ಇಲ್ಲ. ಮಂಡಿಯವರು ಕೈಗೆ ಕೊಡುತ್ತಿದ್ದರು. ಕೋರ್ಟು ಹದಿನೈದು ಸಾವಿರ ಅಂತ ಹಿಡಿಯಿತು. ವರ್ಷಕ್ಕೆ 1,80,000. 2009ರಲ್ಲಿ ಸರಳಾ ವರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು ವಯಸ್ಸಿಗೆ ತಕ್ಕ ಗುಣಕ ಹಾಕಿಕೊಟ್ಟಿದೆ. 36ರಿಂದ 40 ವರ್ಷದವರಿಗೆ ಅದು 15. ಗುಣಿಸಿದರೆ 27 ಲಕ್ಷ. ಬಾಯಿ ಬಿಡಬೇಡಿ, ಅಷ್ಟೂ ಬರುವುದಿಲ್ಲ. ಅದರಲ್ಲಿ ಅಂಗವೈಕಲ್ಯ ಎಷ್ಟು ಪರ್ಸೆಂಟೋ ಅಷ್ಟೇ. ಡಾಕ್ಟರು ಕೈಗೆ 45 ಪರ್ಸೆಂಟ್ ಅಂದರು. ಇಡೀ ದೇಹಕ್ಕೆ ಅದರ ಮೂರನೇ ಒಂದು ಪಾಲು ಹಿಡಿಯುವುದು ನಮ್ಮ ಕಡೆ ರೂಢಿ. ಅಲ್ಲಿಗೆ 15 ಪರ್ಸೆಂಟ್, ಅಂದರೆ 4,05,000.

ಕೇಸು ತಿರುಗಿದ್ದು ಪಾಟೀ ಸವಾಲಿನ ದಿನ. ಇನ್ಶೂರೆನ್ಸ್ ವಕೀಲರು ಕೇಳಿದರು, "ಊಟ ಯಾವ ಕೈಯಲ್ಲಿ ಮಾಡ್ತೀರಿ?" ಇವನು "ಬಲಗೈ" ಅಂದ. "ಸಹಿ?" "ಬಲಗೈ." "ಬಲಗೈ ಸರಿ ಇದೆಯಲ್ಲ?" "ಇದೆ ಸಾರ್." ಅವರು ತೃಪ್ತಿಯಿಂದ ಕೂತರು. ನಾನು ಎದ್ದು ಕೇಳಿದ್ದು ಒಂದೇ: ಗೇರ್ ಯಾವ ಕೈಯಲ್ಲಿ ಹಾಕ್ತಿದ್ರಿ? ಅವನು ಬಾಯಲ್ಲಿ ಹೇಳಲಿಲ್ಲ. ಕಟಕಟೆಯಲ್ಲೇ ಎಡಗೈ ಮುಂದೆ ತಂದು ಗೇರ್ ಹಿಡಿಯುವ ಹಾಗೆ ಬೆರಳು ಮಡಿಸಲು ಹೋದ. ತೋರುಬೆರಳು, ಹೆಬ್ಬೆರಳು ಮಾತ್ರ ಮಡಿಸಿದವು. ಉಳಿದ ಮೂರು ಹಾಗೇ ನಿಂತವು.

2010ರ ರಾಜ್ ಕುಮಾರ್ ತೀರ್ಪಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಒಂದು ಎಡಗೈ ಹೋದರೆ ಡ್ರೈವರಿಗೋ ಬಡಗಿಗೋ ದುಡಿಮೆಯೇ ಹೋದ ಹಾಗೆ, ಸರ್ಕಾರಿ ಗುಮಾಸ್ತನಿಗೆ ಕೆಲಸ ಉಳಿಯಬಹುದು. ಹಾಗಾಗಿ ಡಾಕ್ಟರ ಪರ್ಸೆಂಟ್ ಒಂದೇ ಸಾಲದು, ಆ ಮನುಷ್ಯನ ಕೆಲಸ ನೋಡಬೇಕು. ನಮ್ಮವನಿಗೆ 15 ಇದ್ದದ್ದು 30 ಆಯಿತು. 8,10,000. ಅದರ ಮೇಲೆ ಆಸ್ಪತ್ರೆ ಬಿಲ್ಲು, ನೋವಿಗೆ ಒಂದಿಷ್ಟು, ವರ್ಷಕ್ಕೆ ನೂರಕ್ಕೆ ಆರರ ಬಡ್ಡಿ.

ನಾನು ಗೆದ್ದೆ ಅಂತ ಆಫೀಸಲ್ಲಿ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದೆ.

ಆಮೇಲೆ ಇನ್ಶೂರೆನ್ಸ್ ಕಂಪನಿ ಅಪೀಲು ಹೋಯಿತು. ದುಡ್ಡು ಅವನ ಕೈ ಸೇರುವಾಗ 2023. ಸ್ವಲ್ಪ ಭಾಗ ಕೋರ್ಟಿನ ಆದೇಶದಂತೆ ಬ್ಯಾಂಕಲ್ಲಿ ಡಿಪಾಜಿಟ್ ಆಯಿತು. ಉಳಿದದ್ದು ಹದಿನೈದು ದಿನಕ್ಕೆ ಕರಗಿತು. ಯಾಕೆ ಅಂದರೆ ಅಷ್ಟರಲ್ಲಿ ಆಪರೇಷನ್ನಿಗೆ ಕೈಸಾಲ ಮಾಡಿದ್ದ, ಹೆಂಡತಿಯ ಒಡವೆ ಅಡ ಇಟ್ಟಿದ್ದ, ಕಂತು ಕಟ್ಟಲಾಗದೆ ಗಾಡಿಯನ್ನು ಫೈನಾನ್ಸಿನವರು ಎಳೆದುಕೊಂಡು ಹೋಗಿದ್ದರು. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಐದು. ಕೋರ್ಟು ಕೊಟ್ಟ ಬಡ್ಡಿ ವರ್ಷಕ್ಕೆ ಆರು, ಅವನು ಕೊಡುತ್ತಿದ್ದ ಬಡ್ಡಿ ವರ್ಷಕ್ಕೆ ಅರವತ್ತು. 2024ರಲ್ಲಿ ಮತ್ತೆ ಬಂದ. ಮೊದಲ ಸಲ ತಂದಿದ್ದ ಅದೇ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರು. ಆಗ ಅದರಲ್ಲಿ ಎಕ್ಸ್‌ರೇ ಇತ್ತು. ಈಗ ಅರೆಸ್ಟ್ ವಾರಂಟಿನ ನೋಟೀಸು.

ದೊಡ್ಡಪ್ಪ, ಇದೇ ಸಂಬಂಧ. ಎರಡು ಬೆಂಚಲ್ಲಿ ಎರಡು ಜಾತಿಯ ಜನ ಕೂರುವುದಿಲ್ಲ. ಒಬ್ಬನೇ ಒಂದು ಬೆಂಚಿಂದ ಎದ್ದು ಇನ್ನೊಂದಕ್ಕೆ ಹೋಗುತ್ತಾನೆ. ನಡುವೆ ನಾಲ್ಕೈದು ವರ್ಷ ಅಷ್ಟೆ.

ಆದ್ದರಿಂದ ನನ್ನನ್ನು ಯಾರಾದರೂ ಏನಾದರೂ ಕೇಳುವುದಿದ್ದರೆ ಇದನ್ನು ಕೇಳಿ: "ದುಡ್ಡು ಬರೋವರೆಗೆ ಏನು ಮಾಡಲಿ?" ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಇಬ್ಬರೋ ಮೂವರೋ, ಎಲ್ಲರೂ ಹೆಂಗಸರು. ಗಂಡಸರು "ಎಷ್ಟು ಬರತ್ತೆ" ಅಂತಾರೆ. ಆ ಅಂಕಿ ಕೇಳಿಕೊಂಡು ಹೋಗಿ ಅದರ ಮೇಲೆ ಸಾಲ ಎತ್ತುತ್ತಾರೆ. ನಾನು ಮೂರು ಲಕ್ಷ ಬರಬಹುದು ಅಂದ ಬಾಯಿಮಾತಿನ ಮೇಲೆ ಎರಡು ಲಕ್ಷ ಕೈಸಾಲ ಹುಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಈಗ ಅಂಕಿ ಹೇಳುವುದನ್ನೇ ಬಿಟ್ಟಿದ್ದೇನೆ. ಅದನ್ನು ಜನ ಜಂಬ ಅಂತಾರೆ, ಅನ್ನಲಿ.

ಏನು ಮಾಡಬೇಕು? ಒಂದು, ಆಸ್ಪತ್ರೆಯಲ್ಲೇ ನಗದುರಹಿತ ಚಿಕಿತ್ಸೆಯ ಬಗ್ಗೆ ಕೇಳಿ. 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಅಪಘಾತವಾದ ದಿನದಿಂದ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕೇಳದಿದ್ದರೆ ಯಾರೂ ಕರೆದು ಹೇಳುವುದಿಲ್ಲ. ಕೇಸನ್ನು ಆರು ತಿಂಗಳೊಳಗೆ ಹಾಕಿ. 2022ರ ಏಪ್ರಿಲಿನಿಂದ ಕಾನೂನಲ್ಲಿ ಆ ಗಡುವು ಬಂದಿದೆ, ಗಾಯ ಒಣಗಲಿ ಅಂತ ಕಾಯಬೇಡಿ. ಔಷಧಿ ಅಂಗಡಿಯ ಚೀಟಿ, ಆಂಬುಲೆನ್ಸ್ ರಸೀದಿ, ಎಲ್ಲಾ ಇಟ್ಟುಕೊಳ್ಳಿ. ಗಾಡಿ ಸಾಲ ಇದ್ದರೆ ಕಂತು ತಪ್ಪುವ ಮೊದಲೇ ಹೋಗಿ ಕಾಗದ ಕೊಟ್ಟು ಗಡುವು ಕೇಳಿ. ಮತ್ತೆ ಆ ನೂರಕ್ಕೆ ಐದರವನ ಮನೆ ಕಡೆ ತಲೆಹಾಕಬೇಡಿ. ಹೇಳುವುದು ಸುಲಭ, ಗೊತ್ತು. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಕೌಂಟರಿನವರು ಅಡ್ವಾನ್ಸ್ ಕೇಳುವಾಗ ಬಡ್ಡಿ ಲೆಕ್ಕ ಯಾರಿಗೆ ನೆನಪಿರುತ್ತದೆ?

ಇಷ್ಟಾದ ಮೇಲೂ ಮುಳುಗಿದರೆ ಕೆಳಗಿನ ಅರೆ, ಅಂದರೆ ದಿವಾಳಿ ಅರ್ಜಿ. ಅದರ ಬಗ್ಗೆ ಎರಡು ಮಾತು, ಯಾಕೆಂದರೆ "ಪಾಪರ್ ಚೀಟಿ ತಗೊಂಡ್ರೆ ಎಲ್ಲಾ ಮಾಫಿ" ಅನ್ನುವ ಭ್ರಮೆ ಊರೆಲ್ಲಾ ಇದೆ. 2016ರ ಹೊಸ ದಿವಾಳಿ ಕಾಯ್ದೆಯ ಸುದ್ದಿ ಪೇಪರಲ್ಲಿ ಓದಿರುತ್ತೀರಿ. ಅದು ಕಂಪನಿಗಳಿಗೆ. ಕಂಪನಿ ಸಾಲಕ್ಕೆ ಜಾಮೀನು ನಿಂತವರನ್ನು ಬಿಟ್ಟರೆ ಸಾಮಾನ್ಯ ಜನರಿಗೆ ಅದರ ಭಾಗ ಇನ್ನೂ ಜಾರಿಯಾಗಿಲ್ಲ. ನಮಗೆ ಇವತ್ತಿಗೂ ಬ್ರಿಟಿಷರ ಕಾಲದ 1920ರ ಕಾಯ್ದೆಯೇ ಗತಿ. ಅರ್ಜಿ ಹಾಕಲು ಸಾಲ ಕನಿಷ್ಠ ಎಷ್ಟಿರಬೇಕು ಅಂತ ಅದರಲ್ಲಿದೆ: ಐನೂರು ರೂಪಾಯಿ. ನೂರು ವರ್ಷವಾದರೂ ಐನೂರೇ. ಅಷ್ಟು ಸಾಲ ಇಲ್ಲದವರು ಯಾರಾದರೂ ಇದ್ದರೆ ನನಗೂ ಪರಿಚಯ ಮಾಡಿಸಿ.

ಅರ್ಜಿ ಹಾಕಿದ ತಕ್ಷಣ ಮಾಫಿ ಆಗುವುದಿಲ್ಲ. ಯಾರಿಗೆಷ್ಟು ಕೊಡಬೇಕು, ಏನೇನು ಆಸ್ತಿ ಇದೆ, ಎಲ್ಲಾ ಬರೆದು ಕೊಡಬೇಕು. ಸಾಲ ಕೊಟ್ಟವರಿಗೆಲ್ಲಾ ನೋಟೀಸು ಹೋಗುತ್ತದೆ. ಕೋರ್ಟು ದಿವಾಳಿ ಅಂತ ಘೋಷಿಸಿದರೆ ಆಸ್ತಿ ರಿಸೀವರ್ ಕೈಗೆ, ಅಂದರೆ ಅದನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದವರ ಕೈಗೆ. ಅಡಿಗೆ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣ, ಹೆಂಗಸಿನ ತಾಳಿ ಇವನ್ನು ಮುಟ್ಟುವ ಹಾಗಿಲ್ಲ. ಹೋದ ವರ್ಷ ತಮ್ಮನ ಹೆಸರಿಗೆ ಸೈಟು ಬರೆದುಕೊಟ್ಟು ಈ ವರ್ಷ ಅರ್ಜಿ ಹಾಕುವ ಜಾಣರಿಗೆ: ಎರಡು ವರ್ಷದ ಒಳಗಿನ ಅಂಥ ದಾನಪತ್ರ ರದ್ದಾಗುತ್ತದೆ. ಕೇಳಿಕೊಂಡರೆ ಬಂಧನದಿಂದ ರಕ್ಷಣೆ ಸಿಗುತ್ತದೆ. ಸಾಲದಿಂದ ಬಿಡುಗಡೆ ಸಿಗುವುದು ಕೊನೆಗೆ, ಅದೂ ಸರ್ಕಾರಿ ಬಾಕಿಗೆ, ಮೋಸದ ಸಾಲಕ್ಕೆ ಸಿಗುವುದಿಲ್ಲ. ನಿಮಗೆ ಜಾಮೀನು ಹಾಕಿದ ಭಾವಮೈದುನನಿಗಂತೂ ಏನೂ ಸಿಗುವುದಿಲ್ಲ.

ನಮ್ಮ ಗೂಡ್ಸ್ ಗಾಡಿಯವನ ಮನೆಯಲ್ಲೂ ಅದೇ ತೊಡಕು. ಮೈಕ್ರೊ ಫೈನಾನ್ಸ್ ಸಾಲ ಹೆಂಡತಿ ಹೆಸರಲ್ಲಿತ್ತು, ಸಂಘದ ಹೆಂಗಸರೆಲ್ಲ ಒಬ್ಬರಿಗೊಬ್ಬರು ಜವಾಬ್ದಾರಿ. ಇವನ ಅರ್ಜಿ ಅದನ್ನು ಮುಟ್ಟುವುದಿಲ್ಲ. ಆಕೆ ಬೀಡಿ ಕಟ್ಟಿ ಅದನ್ನು ತೀರಿಸುತ್ತಿದ್ದಳು, ಈಗಲೂ ತೀರಿಸುತ್ತಿದ್ದಾಳೆ.

ಸಾಲದ ಪಟ್ಟಿ ಮಾಡಲು ಒಂದು ಮಧ್ಯಾಹ್ನ ಇಡೀ ಹಿಡಿಯಿತು. ಗುಮಾಸ್ತರು ಬಿಳಿ ಹಾಳೆಗೆ ಗೆರೆ ಎಳೆದು ಕೊಟ್ಟರು, ಅವನೇ ಬಲಗೈಯಲ್ಲಿ ಬರೆದ. ಗಾಡಿ ಫೈನಾನ್ಸಿನ ಬಾಕಿ. ಒಡವೆ ಸಾಲ. ಸೊಸೈಟಿ. ಚೀಟಿ ಎತ್ತಿ ಕಟ್ಟದೆ ಉಳಿದ ಕಂತು. ಕೈಸಾಲ ಮೂರು. ಆಸ್ತಿ ಅಂತ ಬ್ಯಾಂಕಿನ ಡಿಪಾಜಿಟ್ಟು, ಅದನ್ನೂ ಮುಚ್ಚಿಡದೆ ಬರೆಸಿದೆ. ಹಾಳೆ ನನ್ನ ಟೇಬಲ್ಲಿಗೆ ಬಂತು. ಕೊನೆಯ ಸಾಲಿನಲ್ಲಿ ನನ್ನ ಹೆಸರು. "ಲಾಯರಮ್ಮನಿಗೆ ಫೀಸು ಬಾಕಿ, 6,000."

ಇದು ಬೇಡ ಅಂತ ಪೆನ್ನಲ್ಲಿ ಹೊಡೆದು ಹಾಕಿ ವಾಪಸ್ ಕೊಟ್ಟೆ. ಅವನು ಓದಿದ. ಏನೂ ಮಾತಾಡಲಿಲ್ಲ. ಹೊಡೆದ ಸಾಲಿನ ಕೆಳಗೆ ಮತ್ತೆ ಅದನ್ನೇ ಬರೆದು ಗುಮಾಸ್ತರಿಗೆ ಟೈಪಿಗೆ ಕೊಟ್ಟ.