ರಿಟರ್ನ್ ಚೀಲ ಬಿಚ್ಚಿ ನೋಡಿದ ಮೇಲೆ

ಬಳ್ಳಾರಿಯ ಒಂದು ಬೇಕರಿಯಲ್ಲಿ ನಾನು ಲೋಡಿಂಗ್ ನೋಡಿಕೊಳ್ಳುತ್ತೇನೆ. ಯಾವ ಲೈನ್‌ಗೆ, ಅಂದರೆ ಯಾವ ದಾರಿಯ ಅಂಗಡಿಗಳಿಗೆ, ಎಷ್ಟು ಬ್ರೆಡ್ ಅಂತ ರಾತ್ರಿ ಬರೆಯೋದು, ಮಧ್ಯಾಹ್ನ ಗಾಡಿ ಬಂದಾಗ ರಿಟರ್ನ್, ಅಂದರೆ ಅಂಗಡಿಗಳಿಂದ ವಾಪಸ್ ಬಂದ ಮಾಲು, ಎಣಿಸೋದು. ಎಣಿಸೋದು ಅಂದರೆ, ಚೀಲ ಬಿಚ್ಚದೆ ಲೈನ್ ಹುಡುಗ ಹೇಳಿದ ನಂಬರ್ ಬರೆದುಕೊಳ್ಳೋದು. ರಿಟರ್ನ್ ಜಾಸ್ತಿಯಾದರೆ ಅಂಗಡಿಯವರನ್ನ ಬೈದು ಸುಮ್ಮನಾಗುತ್ತಿದ್ದೆ.

2024ರ ಡಿಸೆಂಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಅವಧಿ ಮೀರಿದ ಮತ್ತು ತಿರಸ್ಕರಿಸಿದ ಮಾಲಿನ ಲೆಕ್ಕವನ್ನು ತಯಾರಕರು ಮೂರು ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಕೊಡಬೇಕು ಎಂದಿತು. ಲೆಕ್ಕ ಕೊಡಬೇಕಾದರೆ ಚೀಲದಲ್ಲಿ ಏನಿದೆ ಅಂತ ಗೊತ್ತಿರಬೇಕಲ್ವಾ? ಬೇಸಿಗೆಯ ಒಂದು ಮಧ್ಯಾಹ್ನ ಎಲ್ಲ ಚೀಲ ನೆಲಕ್ಕೆ ಸುರಿದೆ. ತಾರೀಖು ಮುಗಿಯುತ್ತಾ ಬಂದು ಮಾರದೆ ಉಳಿದ ಬ್ರೆಡ್ ಇತ್ತು. ಅದರ ಜೊತೆಗೇ, ತಾರೀಖು ಇದ್ದೂ ಬೂಸ್ಟು ಹಿಡಿದ ಬ್ರೆಡ್ಡೂ ಇತ್ತು. ಬೂಸ್ಟು ಹಿಡಿದಿದ್ದು ಬಹುಪಾಲು ಸಿರುಗುಪ್ಪ ಲೈನ್‌ನದು.

ಅದು ದೂರದ ಲೈನ್, ಮೊದಲು ಹೊರಡೋ ಗಾಡಿ. ಅವಸರಕ್ಕೆ ಬಿಸಿ ಆರದ ಬ್ರೆಡ್ಡನ್ನೇ ಕವರ್‌ಗೆ ಹಾಕಿ ಕಳಿಸುತ್ತಿದ್ದೆವು. ಬ್ರೆಡ್ ಒಳಗಿನ ಬಿಸಿ 35 ಡಿಗ್ರಿ ಹತ್ತಿರ ಇಳಿಯದೆ ಪ್ಯಾಕ್ ಮಾಡಬಾರದು. ನಮ್ಮೂರಲ್ಲಿ ಮೇ ತಿಂಗಳ ಹಗಲು 40 ದಾಟುತ್ತದೆ, ಭಟ್ಟಿ ಕೋಣೆ ರಾತ್ರಿಯೂ ಕುದಿಯುತ್ತದೆ. ಬ್ರೆಡ್ ಎಲ್ಲಿಂದ ಆರಬೇಕು! ಒಳಗಿನ ಹಬೆ ಕವರ್‌ಗೆ ಹತ್ತಿ ನೀರಾಗುತ್ತದೆ. ಬೂಸ್ಟಿಗೆ ಇನ್ನೇನು ಬೇಕು? ಪ್ಯಾಕಿಂಗ್‌ನಲ್ಲಿರೋ ಅಕ್ಕ ಒಬ್ಬರು, "ಕವರ್ ಬೆವರ್ತೈತಿ ಅಂತ ನಾವು ಎಷ್ಟು ಸಲ ಹೇಳೀವಿ ಅಣ್ಣಾ" ಅಂದರು. ನಿಜ, ಹೇಳಿದ್ದರು. ನಾನು ಕ್ಯಾಲ್ಸಿಯಂ ಪ್ರೊಪಿಯೋನೇಟ್ ಹಾಕಿದ್ದೀವಲ್ಲ, ಏನಾಗಲ್ಲ ಅಂತಿದ್ದೆ. ಅದು ಬೂಸ್ಟನ್ನು ತಡ ಮಾಡುತ್ತದೆ ಅಷ್ಟೇ, ಬೆವರಿದ ಕವರ್ ಮುಂದೆ ಅದರ ಆಟ ನಡೆಯಲ್ಲ. ಸಿರುಗುಪ್ಪ ಗಾಡಿಯ ಬ್ರೆಡ್ಡನ್ನು ಮೊದಲ ಬ್ಯಾಚ್‌ನಲ್ಲೇ ಬೇಯಿಸಿ, ಟ್ರೇಗಳನ್ನು ಭಟ್ಟಿ ಕೋಣೆಯಿಂದ ಹೊರಗಿಟ್ಟು ಫ್ಯಾನ್ ಹಾಕಿದೆವು.

ಮಾರದೆ ಉಳಿದ ಬ್ರೆಡ್ಡಿನ ಕತೆ ಬೇರೆ. ಹುಡುಗರಿಗೆ ಕಮಿಷನ್ ಇದ್ದದ್ದು ಅಂಗಡಿಯಲ್ಲಿ ಇಳಿಸಿದ ಪ್ಯಾಕೆಟ್ ಮೇಲೆ. ಹತ್ತು ಸಾಕು ಅಂದವರಿಗೆ ಹದಿನೈದು ಇಳಿಸಿ ಬರುತ್ತಿದ್ದರು. ತಪ್ಪು ಅವರದೇ ಅಂತ ನಾನು ಹೇಳಲಾರೆ, ಲೆಕ್ಕ ಹಾಗೆ ಇಟ್ಟವರು ನಾವು. ರಿಟರ್ನ್ ಕಳೆದು ಕಮಿಷನ್ ಅಂತ ಸಾಹುಕಾರರನ್ನ ಒಪ್ಪಿಸೋಕೆ ಒಂದು ತಿಂಗಳು ಹಿಡಿಯಿತು. ಆಮೇಲೆ ಹುಡುಗರೇ ಸುದ್ದಿ ತರತೊಡಗಿದರು: ನಾಳೆ ಈ ಊರ ಸಂತೆ, ಯುಗಾದಿ ದಿನ ಮನೆಮನೆಯಲ್ಲಿ ಹೋಳಿಗೆ, ಬ್ರೆಡ್ ಬೇಡ, ರಂಜಾನ್‌ನಲ್ಲಿ ಕೌಲ್ ಬಜಾರ್‌ಗೆ ಸಂಜೆ ಬನ್ ಜಾಸ್ತಿ. ಹುರುಪಿನಲ್ಲಿ ನಾನು ಲೋಡ್ ತೀರಾ ಕಡಿಮೆ ಮಾಡಿದೆ. ಅಂಗಡಿಯವರು ಖಾಲಿ ಜಾಗಕ್ಕೆ ಬೇರೆಯವರ ಬ್ರೆಡ್ ಇಟ್ಟುಕೊಂಡರು. ಎರಡು ಅಂಗಡಿ ಇನ್ನೂ ವಾಪಸ್ ಬಂದಿಲ್ಲ. ಸ್ವಲ್ಪ ರಿಟರ್ನ್ ಇರಲೇಬೇಕು.

ವಾಪಸ್ ಬಂದ ಬ್ರೆಡ್ಡನ್ನು ಟೋಸ್ಟ್ ಮಾಡಿದರಾಯ್ತು ಅನ್ನೋರು ಇದ್ದಾರೆ. ಯಾವ ಅಂಗಡಿಯ ಬಿಸಿಲಲ್ಲಿ ಎಷ್ಟು ಹೊತ್ತು ಕೂತಿತ್ತೋ ಯಾರಿಗೆ ಗೊತ್ತು? ನಾನು ಒಪ್ಪಲ್ಲ. ಬೂಸ್ಟಿಲ್ಲದ್ದನ್ನು ಎಮ್ಮೆ ಕಟ್ಟಿದವರು ಒಯ್ಯುತ್ತಾರೆ. ಕವರ್ ಬಿಚ್ಚಿಯೇ ಕೊಡುತ್ತೇವೆ, ಒಂದೇ ಸಲ ಜಾಸ್ತಿ ಹಾಕಬೇಡಿ, ಹೊಟ್ಟೆ ಹುಳಿಯಾಗಿ ಎಮ್ಮೆ ಮಲಗುತ್ತದೆ ಅಂತ ಹೇಳಿಯೇ ಕಳಿಸುತ್ತೇವೆ. ಬೂಸ್ಟು ಹಿಡಿದಿದ್ದು ಅವುಗಳಿಗೂ ವಿಷವೇ. ಅದನ್ನು ಗುಂಡಿಗೆ ಹಾಕುತ್ತೇವೆ.

ಸಿರುಗುಪ್ಪದ ಬೂಸ್ಟಿನ ಚೀಲ ಈಗ ಬಹಳ ದಿನ ಖಾಲಿ ಬರುತ್ತದೆ. ಆದರೂ ಅಲ್ಲಿಯ ಅಂಗಡಿಯವರೊಬ್ಬರು ಫೋನ್ ಮಾಡಿದ್ದರು: "ಮೊದಲು ಪ್ಯಾಕೆಟ್ ಮುಟ್ಟಿದ್ರೆ ಬೆಚ್ಚಗಿರ್ತಿತ್ರಿ, ಜನ ಫ್ರೆಶ್ ಐತಿ ಅಂತ ಒಯ್ತಿದ್ರು. ಈಗ್ಯಾಕ್ರಿ ತಣ್ಣಂದು ಕಳಿಸ್ತೀರಿ?"