ಇದು ಸಾರು, ಆಮಟಿಯಲ್ಲ

ಹೋಳಿ ಹುಣ್ಣಿಮೆಯ ದಿನ ಎದುರು ಮನೆಯ ಮರಾಠಿ ಕಾಕು ನನ್ನ ಅಡುಗೆಮನೆಯಲ್ಲಿ ನಿಂತು, ಬಟ್ಟಲನ್ನು ತುಟಿಯಿಂದ ಇಳಿಸಿ, ‘ಹೇ ಸಾರ್ ಝಾಲಂ, ಆಮಟೀ ನಾಹೀ’ (ಇದು ಸಾರಾಯಿತು, ನಮ್ಮ ಬೇಳೆಯ ಆಮಟಿಯಲ್ಲ) ಎಂದದ್ದು ಈ ವಾರವಿಡೀ ನನ್ನ ಕಿವಿಯಿಂದ ಹೋಗಿಲ್ಲ. ಅದು ಬೈಗುಳವಲ್ಲ, ಕೊಂಕೂ ಅಲ್ಲ. ಮಕ್ಕಳ ಕಾಗುಣಿತ ತಿದ್ದುವ ಮಾಸ್ತರರ ದನಿ ಅಷ್ಟೆ. ಆದರೆ ಧಾರವಾಡದಲ್ಲಿ ಹುಟ್ಟಿ, ಬುದ್ಧಿ ತಿಳಿದಾಗಿನಿಂದ ಹೋಳಿಗೆಯ ಜೊತೆ ಕಟ್ಟಿನ ಸಾರು ಉಂಡು, ಪುಣೆಯಲ್ಲಿ 11 ವರ್ಷ ಕಳೆದಿರುವ ನನಗೆ ಬೇರೆ ಯಾವ ಅಡುಗೆಯಲ್ಲಿ ತಪ್ಪು ಹಿಡಿದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಈ ಸಲ ಮರಾಠಿಗರ ಹೋಳಿಗೆಯಾದ ಪುರಣಪೋಳಿಯನ್ನು ಅವರ ಪದ್ಧತಿಯಲ್ಲೇ ಮಾಡಬೇಕೆಂದು ಹೊರಟವಳು ನಾನೇ. ಅರ್ಧ ಕಿಲೋ ಕಡಲೆಬೇಳೆಯನ್ನು ಧಾರಾಳ ನೀರಿನಲ್ಲಿ ಬೇಯಿಸಿ ಬಸಿದೆ. ಅಷ್ಟೇ ತೂಕದ ಬೆಲ್ಲ ಹಾಕಿ, ನೆಟ್ಟ ಸೌಟು ಬೀಳದೆ ನಿಲ್ಲುವ ತನಕ ಮಗುಚಿ, ಜಾಯಿಕಾಯಿ ತೇದು ಸೇರಿಸಿದೆ. ಹೂರಣವನ್ನು ಮಿಕ್ಸಿಗೆ ಹಾಕದೆ ಕಾಕುವಿನ ಪುರಣಯಂತ್ರವನ್ನೇ ಕಡ ತಂದಿದ್ದೆ. ತೂತುತಳದ ಆ ಪಾತ್ರೆಯ ಹಿಡಿಕೆ ತಿರುಗಿಸಿದಂತೆಲ್ಲ ಬಿಸಿ ಹೂರಣ ಸಣ್ಣ ಸಣ್ಣ ಎಳೆಗಳಾಗಿ ಕೆಳಗಿಳಿಯುವುದನ್ನು ನೋಡುವುದೇ ಒಂದು ಸುಖ. ಗೋಧಿ ಹಿಟ್ಟಿನ ಕಣಕವೂ ಹರಿಯಲಿಲ್ಲ, ಪೋಳಿಗಳೂ ಉಬ್ಬಿದವು. ಯಂತ್ರ ಒಯ್ಯಲು ಬಂದ ಕಾಕು ಪೋಳಿಯ ಬಗ್ಗೆ ಒಂದು ಮಾತೂ ಆಡದೆ ನೇರವಾಗಿ ಆಮಟಿಯ ಪಾತ್ರೆಯ ಮುಚ್ಚಳ ತೆಗೆದರು.

ಅಲ್ಲಿ ನಾನು ಸೋತಿದ್ದೆ. ಬೇಳೆ ಬಸಿದ ನೀರಿಗೆ ನಾವು ‘ಕಟ್ಟು’ ಎನ್ನುತ್ತೇವೆ, ಅವರು ‘ಕಟ್’ ಎನ್ನುತ್ತಾರೆ. ನಮ್ಮದು ಕಟ್ಟಿನ ಸಾರು, ಅವರದು ಕಟಾಚೀ ಆಮಟೀ. ಹೆಸರೇ ಒಂದಾಗಿರುವಾಗ ಕಲಿಯುವುದೇನಿದೆ ಎಂದುಕೊಂಡು ಅಮ್ಮನ ಸಾರಿನ ಪುಡಿಯನ್ನೇ ಹಾಕಿದ್ದೆ. ಸಾಲದ್ದಕ್ಕೆ ಮರಾಠಿಯಲ್ಲೂ ‘ಸಾರ್’ ಎಂಬ ಪದವಿದೆ. ಟೊಮೆಟೊದ್ದೋ ಕೋಕಮ್ಮಿನದೋ ತಿಳಿಯಾದ ಸಾರು ಅದು. ಹಾಗಾಗಿ ಅವರ ತೀರ್ಪಿನಲ್ಲಿ ನನ್ನ ಭಾಷೆಯೂ ಸಿಕ್ಕಿಬಿದ್ದಿತ್ತು.

ಕಾಕುವಿನ ಬಗ್ಗೆ ಹೇಳಲೇಬೇಕು. ಕೊಟ್ಟ ಡಬ್ಬಿಯನ್ನು ಬರಿದಾಗಿ ಎಂದೂ ಹಿಂದಿರುಗಿಸದ ಮನುಷ್ಯೆ, ಆದರೆ ಪರರ ಒಲೆಯ ಮುಂದೆ ಸುಮ್ಮನಿರಲು ಬಾರದು. ಮೇಲಿನ ಮಹಡಿಯ ಬಂಗಾಳಿ ಹುಡುಗಿ ಏನು ಕೊಟ್ಟರೂ ‘ವಾ, ವಾ’ ಎನ್ನುವವರು ನನ್ನದನ್ನು ಮಾತ್ರ ತಿದ್ದುತ್ತಾರೆ. ನನ್ನ ಗಂಡನೋ, ಎರಡೂ ಛಲೋ ಎಂದು ಮೂರನೆಯ ಪೋಳಿಗೆ ಕೈ ಹಾಕಿದರು. ಇಂಥ ಸಾಕ್ಷಿಯಿಂದ ಯಾರಿಗೂ ಪ್ರಯೋಜನವಿಲ್ಲ.

ಆ ರಾತ್ರಿ ಸಿಟ್ಟು ಇಳಿಯುವಾಗ ನೆನಪಾದದ್ದು ಬೇರೆಯೇ. ಹಿಂದೊಮ್ಮೆ ಮೈಸೂರಿನ ಗೆಳತಿಯೊಬ್ಬಳು ತೊಗರಿಬೇಳೆಯ ಹೂರಣ ತುಂಬಿ, ಮೈದಾ ಕಣಕವನ್ನು ಎಣ್ಣೆಯಲ್ಲಿ ನೆನೆಸಿ, ಬಾಳೆ ಎಲೆಯ ಮೇಲೆ ತಟ್ಟಿ ಮಾಡಿಕೊಟ್ಟಿದ್ದನ್ನು ತಿಂದು, ‘ಇದು ಒಬ್ಬಟ್ಟು, ಹೋಳಿಗೆ ಅಲ್ಲ ಬಿಡು’ ಎಂದು ನಕ್ಕವಳು ನಾನೇ. ಅವಳು ನಕ್ಕಿರಲಿಲ್ಲ. ದೂರದವರ ಅಡುಗೆಯನ್ನು ಅತಿಥಿಗಳಂತೆ ತಿನ್ನುವ ನಾವು, ಬೇಲಿಯಾಚೆಯವರ ಅಡುಗೆಯ ಮುಂದೆ ಮಾತ್ರ ಪರೀಕ್ಷಕರಾಗಿಬಿಡುತ್ತೇವೆ. ಬಂಗಾಳಿ ಹುಡುಗಿಗೆ ಸಿಗದ ಆ ತಿದ್ದುಪಡಿ ನನಗೆ ಸಿಕ್ಕಿದ್ದರಲ್ಲಿ ಒಂದು ಬಗೆಯ ಸಲಿಗೆಯೂ ಇರಬಹುದು. ಆದರೂ ಚುಚ್ಚಿದ್ದು ಸುಳ್ಳಲ್ಲ.

ರಂಗಪಂಚಮಿಯಂದು ಮತ್ತೆ ಬೇಳೆ ಬೇಯಿಸಿದೆ. ಈ ಬಾರಿ ಆಮಟಿಗೆ ಹಾಕುವ ಮರಾಠಿ ಮಸಾಲೆ ಪುಡಿ, ಗೋಡಾ ಮಸಾಲೆಯನ್ನು ಮನೆಯಲ್ಲೇ ಮಾಡಿದೆ: ಕೊತ್ತಂಬರಿ ಬೀಜ, ಎಳ್ಳು, ಚಕ್ಕೆ, ಲವಂಗ, ನಾಗಕೇಸರ, ಕಲ್ಲುಹೂ, ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿದು. ಮರಾಠಿಯಲ್ಲಿ ದಗಡಫೂಲ್ ಎನ್ನುವ ಈ ಕಲ್ಲುಹೂ ಹೂವೇ ಅಲ್ಲ, ಒಂದು ಬಗೆಯ ಕಲ್ಲುಪಾಚಿ. ಹಸಿಯಾಗಿ ಮೂಸಿದರೆ ಹಳೆಯ ಪೆಟ್ಟಿಗೆಯ ವಾಸನೆ, ಎಣ್ಣೆಗೆ ಬಿದ್ದ ಕ್ಷಣ ಇಡೀ ಮನೆಯೇ ಬೇರೆ. ಒಣಕೊಬ್ಬರಿಯ ಗಿಟುಕನ್ನು ಉರಿಯ ಮೇಲೆ ಕಪ್ಪಾಗುವಂತೆ ಸುಟ್ಟು ಅರೆದೆ. ಹುಣಸೆರಸದ ಜೊತೆ ಒಂದು ಚಮಚ ಹೂರಣವನ್ನೂ ಕಟ್ಟಿಗೆ ಕದಡಿದೆ. ಸಾರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಎಣ್ಣೆಯ ಸಣ್ಣ ಕಣ್ಣುಗಳು ತೇಲಿದವು. ಸಾರು ಎಂದೇ ಬರೆದೆನಲ್ಲ, ಇರಲಿ.

ಬಟ್ಟಲು ಹಿಡಿದು ಎದುರು ಮನೆಯ ಬಾಗಿಲು ತಟ್ಟಿದೆ. ಕಾಕು ಹೊಸ್ತಿಲಲ್ಲೇ ನಿಂತು ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು, ತಳದಲ್ಲಿ ಉಳಿದ ಕೊಬ್ಬರಿಯನ್ನು ಬೆರಳಿನಿಂದ ತೆಗೆದು ನೆಕ್ಕಿದರು.

‘ಮೀಠ್ ಜರಾ ಕಮೀ’ ಎಂದರು. ಉಪ್ಪು ನಿಜಕ್ಕೂ ಕಡಿಮೆಯಾಗಿತ್ತು.