ಅಡುಗೆಮನೆ ಡಿಸ್‌ಪ್ಲೇ: ಕಿವಿ ತೆರೆದಿರಲಿ, ಕಣ್ಣು ಮುಚ್ಚಲಿ

ಗೋಡೆಯ ಡಿಸ್‌ಪ್ಲೇ ಒಂದು ಹಂತಕ್ಕೆ ಬಂದಿದೆ. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಅದರದೇ 7 ಇಂಚಿನ ಟಚ್‌ಸ್ಕ್ರೀನ್, ಮಾತಿನ ಆದೇಶ ಕೇಳಿಸಿಕೊಳ್ಳಲು ಒಂದು ಯುಎಸ್‌ಬಿ ಮೈಕ್. ಮನೆಯ ಸ್ಮಾರ್ಟ್ ಸಾಧನಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಬೇರೆ ಮಿನಿ ಪಿಸಿಯಲ್ಲಿದೆ. ಯಾರೂ ಬಳಸದೆ ಸುಮ್ನೆ ಇರುವಾಗ ಇದು ಎಷ್ಟು ಕರೆಂಟ್ ತಿನ್ನುತ್ತದೆ, ಅದನ್ನು ಎಲ್ಲಿವರೆಗೆ ಇಳಿಸಬಹುದು ಅನ್ನೋದೇ ಈಗಿನ ಕೆಲಸ.

ಯುಎಸ್‌ಬಿ ಮೀಟರ್‌ನಲ್ಲಿ ಪೂರ್ತಿ ಬೆಳಕಿದ್ದಾಗ 5 ವಾಟ್ ಆಸುಪಾಸು. ಬ್ಯಾಕ್‌ಲೈಟ್ ಆರಿಸಿದರೆ 3ರ ಹತ್ತಿರ. ಮೀಟರ್ ಕೂರುವುದು ಅಡಾಪ್ಟರ್ ಆದಮೇಲೆ, ಹಾಗಾಗಿ ಅಡಾಪ್ಟರ್‌ನಲ್ಲೇ ಬಿಸಿಯಾಗಿ ಹೋಗುವುದು ಇದರಲ್ಲಿ ಸೇರಿಲ್ಲ. ದಿನಕ್ಕೆ 20 ಗಂಟೆ ಪರದೆ ಆರಿದ್ದರೆ ವರ್ಷಕ್ಕೆ 14 ಯೂನಿಟ್‌ಗಿಂತ ಜಾಸ್ತಿ ಉಳಿಯುತ್ತದೆ. ಬಿಲ್‌ನಲ್ಲಿ ಅದು ಸಣ್ಣ ಮೊತ್ತ, ನಿಜ. ಆದರೂ ಯಾರೂ ನೋಡದ ಪರದೆಗೆ ಅಷ್ಟು ಸುರಿಯೋದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಪರದೆ ಯಾವಾಗ ಹೊತ್ತಿಕೊಳ್ಳಬೇಕು? ಯಾರಾದರೂ ಹತ್ತಿರ ಬಂದಾಗ, ಅಷ್ಟೇ. ಮೊದಲು ಎಲ್‌ಡಿ2410 ರಾಡಾರ್ ಸೆನ್ಸರ್ ಹಾಕಿದ್ದೆ. ಅಲುಗಾಡದೆ ನಿಂತವರನ್ನೂ ಅದು ಗುರುತಿಸುತ್ತದೆ, ಕೆಲಸ ಚೆನ್ನಾಗಿದೆ. ಆದರೆ ಅದಕ್ಕೇ 5 ವೋಲ್ಟ್‌ನಲ್ಲಿ ಸುಮಾರು 80 ಮಿಲಿಆಂಪ್ ಬೇಕು, ಅಂದರೆ 0.4 ವಾಟ್. ಉಳಿಸಿದ 2 ವಾಟ್‌ನಲ್ಲಿ ಐದನೇ ಒಂದು ಪಾಲು ಕಾವಲಿಗೇ ಹೋಯಿತು! ಈಗ ಮೈಬಿಸಿಯ ಚಲನೆಯನ್ನು ಗುರುತಿಸುವ ಪಿಐಆರ್ ಸೆನ್ಸರ್ ಇದೆ. ಅದರ ಬಳಕೆ ಲೆಕ್ಕಕ್ಕೇ ಬರಲ್ಲ. ಚಲನೆ ನಿಂತರೆ ಅದಕ್ಕೆ ಮನುಷ್ಯ ಕಾಣಿಸಲ್ಲ, ಹಾಗಾಗಿ ಪರದೆ ಆರಿಸುವ ಟೈಮರನ್ನು ಸ್ವಲ್ಪ ಉದ್ದ ಮಾಡಿದೆ. ಒಲೆ ಮುಂದೆ ನಿಂತವರ ಕೈ ಆಡುತ್ತಲೇ ಇರುತ್ತದೆ, ಹಾಗಾಗಿ ಅಷ್ಟೇ ಸಾಕಾಗುತ್ತಿದೆ.

ಉಳಿದ 3 ವಾಟ್ ಪೈನದ್ದೇ. ಲ್ಯಾಪ್‌ಟಾಪ್ ಥರ ಅದನ್ನು ಸ್ಲೀಪ್‌ಗೆ ಕಳಿಸಲು ಬರಲ್ಲ. ಅಂಗಡಿಯಲ್ಲಿ ಸಿಗುವ ಸ್ಮಾರ್ಟ್ ಸ್ಪೀಕರ್‌ಗಳು ಗೆಲ್ಲುವುದು ಇಲ್ಲೇ. ಕರೆಯುವ ಪದವನ್ನು ಕಾಯಲು ಒಂದು ಸಣ್ಣ ಭಾಗ ಸಾಕು, ಆ ಪದ ಕೇಳಿದ ಮೇಲೆಯೇ ದೊಡ್ಡ ಪ್ರೊಸೆಸರ್ ಕೆಲಸಕ್ಕಿಳಿಯುತ್ತದೆ. ಗೂಗಲ್‌ನ ನೆಸ್ಟ್ ಹಬ್ ಡಿಸ್‌ಪ್ಲೇ ಕೋಣೆ ಕತ್ತಲಾದರೆ ಪರದೆಯನ್ನೇ ಆರಿಸಬಲ್ಲದು. ಅಮೆಜಾನ್‌ನ ಎಕೋ ಸ್ಪೀಕರ್‌ಗಳಲ್ಲಿ ಲೋ ಪವರ್ ಮೋಡ್ ಇದೆ. ಇಂಥ ಜಾಲದ ಸಾಧನಗಳು ಸುಮ್ಮನಿರುವಾಗ 2 ವಾಟ್ ದಾಟಬಾರದು ಅನ್ನೋದು ಐರೋಪ್ಯ ಒಕ್ಕೂಟದ ಮಿತಿ. ನನ್ನ ಗುರಿಯೂ ಅದೇ.

ಅದಕ್ಕೆ ಕೇಳುವ ಕೆಲಸವನ್ನು ಇಎಸ್‌ಪಿ32-ಎಸ್3 ಅನ್ನೋ ವೈಫೈ ಇರುವ ಸಣ್ಣ ಚಿಪ್‌ನ ಬೋರ್ಡ್‌ಗೆ ಸಾಗಿಸುತ್ತಿದ್ದೇನೆ. ಇಂಥ ಬೋರ್ಡ್‌ಗಳ ಸಾಫ್ಟ್‌ವೇರ್ ಆದ ಇಎಸ್‌ಪಿಹೋಮ್‌ನಲ್ಲಿ ಕರೆಯುವ ಪದವನ್ನು ಗುರುತಿಸುವ ಮೈಕ್ರೋ ವೇಕ್ ವರ್ಡ್ ಇದೆ, ಅದು ಚಿಪ್‌ನಲ್ಲೇ ಓಡುತ್ತದೆ. ಡೀಪ್ ಸ್ಲೀಪ್ ಮಾತ್ರ ಆಗಲ್ಲ, ಮಲಗಿದರೆ ಮೈಕ್ ಕೂಡ ನಿಲ್ಲುತ್ತದೆ ಅಲ್ವಾ. ವೈಫೈ ಪವರ್ ಸೇವ್ ಅನ್ನು 'ಲೈಟ್'ನಲ್ಲೇ ಬಿಟ್ಟಿದ್ದೇನೆ. 'ಹೈ' ಇಟ್ಟರೆ ಉತ್ತರ ತಡವಾಗುವ ಸಾಧ್ಯತೆ ಜಾಸ್ತಿ, ಅಡುಗೆ ಮಧ್ಯೆ ಅದು ಕಿರಿಕಿರಿ. ಮುಂದಿನ ಹಂತದಲ್ಲಿ ರಾತ್ರಿ ಪೈಯನ್ನು ಪೂರ್ತಿ ಆರಿಸಿ, ಬೆಳಗ್ಗೆ ಇಎಸ್‌ಪಿ ಕಡೆಯಿಂದಲೇ ಪೈನ ಜಿಪಿಐಒ 3 ಅನ್ನೋ ಸಂಕೇತದ ಪಿನ್ ಮೂಲಕ ಎಬ್ಬಿಸಿ ನೋಡಬೇಕು.